ಶಾಲೆಯ ಊಟವೂ ಮಗುವಿನ ಸಾತ್ಮ್ಯವೂ

ಬಾಗಲಕೋಟೆಯ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದು ಉದ್ಯಾವರದಲ್ಲಿ ನೆಲೆಸಿದ ಕುಟುಂಬದ ತಾಯಿಯೊಬ್ಬರು ಕಳೆದ ಮಳೆಗಾಲದಲ್ಲಿ ತಮ್ಮ ಒಂಬತ್ತು ವರ್ಷದ ಮಗನನ್ನು ನಮ್ಮಲ್ಲಿಗೆ ಕರೆತಂದರು. “ಸಾಲ್ಯಾಗ ಉಂಡು ಬರ್ತಾನ್ರೀ, ಮನಿಗೆ ಬಂದ ಕೂಡ್ಲೇ ಹಸಿವು ಅಂತಾನ. ಹೊಟ್ಟ್ಯಾಗ ಹುಳ ಅದಾವೇನ್ರೀ?” ಎಂಬುದು ಅವರ ಆತಂಕ. ಪರೀಕ್ಷಿಸಿದೆವು, ಜಂತುಬಾಧೆಯ ಲಕ್ಷಣಗಳು ಕಾಣಲಿಲ್ಲ. ವಿಚಾರಿಸಿದಾಗ ತಿಳಿದದ್ದಿಷ್ಟು: ಬೆಳಗ್ಗೆ ಬರಿಯ ಚಹಾ. ಮಧ್ಯಾಹ್ನ ಶಾಲೆಯಲ್ಲಿ ನಾಲ್ಕು ತುತ್ತು ಅನ್ನ. ಸಾಂಬಾರಿನ ತರಕಾರಿಯೆಲ್ಲ ತಟ್ಟೆಯ ಅಂಚಿಗೆ.

ಚರಕಾಚಾರ್ಯರು ವಿಮಾನಸ್ಥಾನದ ಮೊದಲ ಅಧ್ಯಾಯದಲ್ಲಿ ಆಹಾರವನ್ನು ಎಂಟು ದೃಷ್ಟಿಗಳಿಂದ ಪರಿಶೀಲಿಸಬೇಕೆಂದು ವಿಧಿಸಿದ್ದಾರೆ. ಕೊನೆಯದು ಉಪಯೋಕ್ತೃ, ಅಂದರೆ ಉಣ್ಣುವವನು. ಅಭ್ಯಾಸಬಲದಿಂದ ದೇಹಕ್ಕೆ ಒಗ್ಗಿದ್ದು ಅವನ ಓಕಸಾತ್ಮ್ಯ. ಜೋಳದ ರೊಟ್ಟಿ, ಕಾಳುಪಲ್ಯಗಳಿಗೆ ಒಗ್ಗಿದ ಬಾಲಕನಿಗೆ ಅನ್ನವೊಂದೇ ಊಟವೆನಿಸಲಿಲ್ಲ. ಇಲ್ಲಿನ ಮಕ್ಕಳ ಸ್ಥಿತಿಯೂ ತೀರ ಭಿನ್ನವಲ್ಲ: ಮನೆಯಲ್ಲಿ ಕುಚ್ಚಲಕ್ಕಿ, ಶಾಲೆಯಲ್ಲಿ ಬಹುಮಟ್ಟಿಗೆ ಬೆಳ್ತಿಗೆ.

ಯುರೋಪಿನ ದೇಶಗಳು ಈ ಪ್ರಶ್ನೆಗೆ ಬೇರೆಬೇರೆ ಉತ್ತರ ಕಂಡುಕೊಂಡಿವೆ. ಫಿನ್‌ಲ್ಯಾಂಡ್ 1943ರಲ್ಲೇ ಕಾನೂನು ಮಾಡಿ, 1948ರಿಂದ ಎಲ್ಲ ಮಕ್ಕಳಿಗೂ ಉಚಿತ ಬಿಸಿಯೂಟ ನೀಡುತ್ತಿದೆ. ಫ್ರಾನ್ಸಿನ ಅನೇಕ ಊರುಗಳಲ್ಲಿ ತಂದೆತಾಯಿಯರ ಆದಾಯಕ್ಕೆ ತಕ್ಕಂತೆ ಊಟದ ದರ. ನಾರ್ವೆಯ ಮಗು ಸಾಮಾನ್ಯವಾಗಿ ಮನೆಯಿಂದಲೇ ಬ್ರೆಡ್ಡಿನ ಬುತ್ತಿ ಒಯ್ಯುತ್ತದೆ. ಬುತ್ತಿಯಲ್ಲಿ ಮನೆಯ ರುಚಿ ಉಳಿಯುತ್ತದೆ. ಒಂದೇ ಪಾತ್ರೆಯ ಊಟದಲ್ಲಿ ಬಡವ ಬಲ್ಲಿದರ ಭೇದ ಅಳಿಯುತ್ತದೆ.

ನಮ್ಮ ನಾಡು ಆರಿಸಿಕೊಂಡದ್ದು ಎರಡನೆಯ ದಾರಿ. 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ಉಳಿದೆಡೆಗೂ ಹಬ್ಬಿದ ಯೋಜನೆಗೆ ‘ಅಕ್ಷರ ದಾಸೋಹ’ವೆಂದೇ ಹೆಸರು. ದಾಸೋಹದ ಪಂಕ್ತಿ ಎಂತಹುದೆಂದು ಈ ಪತ್ರಿಕೆಯ ಓದುಗರಿಗೆ ನಾವು ಹೇಳಬೇಕಾಗಿಲ್ಲ. ಐದನೆಯ ತರಗತಿಯವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಸಲ್ಲಬೇಕೆಂಬುದು ನಿಯಮ. ಅದರಿಂದ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು ದೊರೆಯಬೇಕು. ಆದರೆ ತಟ್ಟೆಯ ಅಂಚಿನಲ್ಲಿ ಉಳಿದ ತರಕಾರಿ ಯಾವ ಲೆಕ್ಕಕ್ಕೆ?

ಬೆಳಗ್ಗೆ ಚಹಾದ ಬದಲು ರೊಟ್ಟಿ ಮತ್ತು ಶೇಂಗಾ ಚಟ್ನಿ ಕೊಡಿರೆಂದೆವು. ಮಧ್ಯಾಹ್ನಕ್ಕೂ ಒಂದು ರೊಟ್ಟಿ ಕಟ್ಟಿಕೊಡಿ, ಶಾಲೆಯ ಸಾಂಬಾರಿನೊಡನೆ ತಿನ್ನಲಿ ಎಂದು ಸೂಚಿಸಿದೆವು. ಶಿಕ್ಷಕಿ ಒಪ್ಪಲಿಲ್ಲ. “ಒಬ್ಬ ತಂದರೆ ನಾಳೆ ಎಲ್ಲರೂ ತರುತ್ತಾರೆ, ತರಲಾಗದವರು ಏನು ಮಾಡಬೇಕು ಡಾಕ್ಟ್ರೇ?” ಎಂದು ಕೇಳಿದರು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ನಮ್ಮ ಸಲಹೆಯನ್ನು ಹಿಂದೆಗೆದುಕೊಂಡೆವು.

ದಾರಿ ತೋರಿದವರು ಅಡುಗೆಯ ಅಕ್ಕ. ಹರಿವೆ, ನುಗ್ಗೆಸೊಪ್ಪುಗಳನ್ನು ಸಣ್ಣಗೆ ಹೆಚ್ಚಿ ಬೇಳೆಯೊಡನೆ ಚೆನ್ನಾಗಿ ಬೇಯಿಸಿ ಮಸೆದು, ಗಟ್ಟಿಯಾಗಿ ಬಡಿಸತೊಡಗಿದರು. ಅಂಚಿಗೆ ಸರಿಸಲು ಏನೂ ಉಳಿಯಲಿಲ್ಲ. ಬಾಲಕ ಈಗ ಎರಡನೆಯ ಸೌಟು ಕೇಳುತ್ತಾನಂತೆ. ಬೆಳಗಿನ ರೊಟ್ಟಿಯನ್ನು ತಾಯಿ ತಪ್ಪಿಸಿಲ್ಲ.