ಮೋಟರ್ ಸುಟ್ಟಿದ್ದು ಯಾಕೆ? ಕೇಬಲ್ ಲೆಕ್ಕ ಹಾಕಿ ನೋಡಿ

ಹೋದ ಬೇಸಿಗೆಯಲ್ಲಿ ನಮ್ಮ ಕೃಷಿ ಹೊಂಡದ 1 ಎಚ್‌ಪಿ ಸಿಂಗಲ್ ಫೇಸ್ ಮೋಟರ್ ಎರಡು ಸಲ ಸುಟ್ಟಿತು. ರಿವೈಂಡಿಂಗ್ ಮಾಡಿಸಿ ತರೋದ್ರೊಳಗೆ ಸೌತೆ ಬಳ್ಳಿ ಬಾಡಿ ಹೋಗಿತ್ತು. "ಲೋ ವೋಲ್ಟೇಜ್ ಕಣಪ್ಪಾ, ಏನೂ ಮಾಡಕ್ಕಾಗಲ್ಲ" ಅಂದ್ರು ಎಲ್ಲರೂ. ನಾನೂ ಹಾಗೇ ನಂಬಿದ್ದೆ.

ಮೂರನೇ ಸಲ ಹಾಗಾಗೋದು ಬೇಡ ಅಂತ ಎಲೆಕ್ಟ್ರಿಷಿಯನ್ ಗೆಳೆಯನನ್ನ ಕ್ಲ್ಯಾಂಪ್ ಮೀಟರ್ ಸಮೇತ ಕರ್ಕೊಂಡು ಬಂದೆ. ಮೋಟರ್ ಓಡ್ತಿರುವಾಗಲೇ ಅಳತೆ ತಗೊಂಡ. ಸ್ಟಾರ್ಟರ್ ಹತ್ತಿರ 224 ವೋಲ್ಟ್, ಮೋಟರ್ ಹತ್ತಿರ 189, ಕರೆಂಟ್ 7 ಆಂಪಿಯರ್. ಅಂದ್ರೆ ಲೈನಿನಲ್ಲಿ ವೋಲ್ಟೇಜ್ ಚೆನ್ನಾಗೇ ಬರ್ತಿತ್ತು. ನಡುವಿನ 35 ವೋಲ್ಟನ್ನ ತಿಂತಾ ಇದ್ದದ್ದು ನಮ್ಮದೇ ಕೇಬಲ್!

ವೋಲ್ಟನ್ನ ಆಂಪಿಯರಿಂದ ಭಾಗಿಸಿದರೆ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಆಗುವ ತಡೆ. 35 ÷ 7 = 5 ಓಮ್. ವೋಲ್ಟನ್ನ ಆಂಪಿಯರಿಂದ ಗುಣಿಸಿದರೆ ಪವರ್. 35 × 7 = 245 ವ್ಯಾಟ್. ಇಷ್ಟೂ ಒಂದು ತೊಟ್ಟು ನೀರೆತ್ತದೆ ಬರೀ ಬಿಸಿಯಾಗಿ ಹೋಗ್ತಿತ್ತು. ಪಂಪ್‌ಸೆಟ್‌ಗೆ ಬಿಲ್ ಬರಲ್ಲ ಅಂತ ನಾವ್ಯಾರೂ ವ್ಯಾಟ್ ಲೆಕ್ಕ ಹಾಕಲ್ಲ, ರಿವೈಂಡಿಂಗ್ ಅಂಗಡಿಯಲ್ಲಿ ಕಟ್ತೀವಿ ಅಷ್ಟೇ.

ಇನ್ನು ಕೇಬಲ್‌ಗೆ ನಿಜವಾಗಿ ಎಷ್ಟು ಓಮ್ ಇರಬೇಕು? ತಾಮ್ರದ್ದಾದರೆ 0.0175ನ್ನ ಉದ್ದದಿಂದ (ಮೀಟರ್) ಗುಣಿಸಿ, ದಪ್ಪದಿಂದ (ಚದರ ಮಿಲಿಮೀಟರ್) ಭಾಗಿಸಿ. ನಮ್ಮದು 150 ಮೀಟರ್ ದೂರ, 1.5 ಚದರ ಮಿ.ಮೀ. ಕೇಬಲ್. ಹೋಗೋ ತಂತಿ, ಬರೋ ತಂತಿ ಎರಡೂ ಸೇರಿ 300 ಮೀಟರ್. ಇದನ್ನ ಬಹಳ ಜನ ಮರೀತಾರೆ. ಲೆಕ್ಕಕ್ಕೆ ಬಂದದ್ದು 3.5 ಓಮ್, ಅಳತೆಗೆ ಸಿಕ್ಕಿದ್ದು 5. ಮಿಕ್ಕ ಒಂದೂವರೆ ಓಮ್ ಎಲ್ಲಿ?

ಮೇನ್ ಆಫ್ ಮಾಡಿ ಕೇಬಲ್ ಉದ್ದಕ್ಕೂ ನಡೆದೆವು. ಬದುವಿನ ಹತ್ತಿರ ನಾನೇ ಎರಡು ವರ್ಷದ ಹಿಂದೆ ತಿರುಚಿ ಟೇಪ್ ಸುತ್ತಿದ್ದ ಜಾಯಿಂಟ್! ಟೇಪ್ ಕರಗಿತ್ತು, ತಾಮ್ರ ಕಪ್ಪಗಾಗಿತ್ತು. ಅಲ್ಲಿ 7 × 7 × 1.5, ಸುಮಾರು 73 ವ್ಯಾಟ್ ಶಾಖ. ಸೋಲ್ಡರಿಂಗ್ ಐರನ್ನೇ ಇಟ್ಟ ಹಾಗೆ. ಒಣಹುಲ್ಲಿಗೆ ಬೆಂಕಿ ಹತ್ತದೇ ಇದ್ದದ್ದು ಪುಣ್ಯ.

ಬರೀ ಜಾಯಿಂಟ್ ಸರಿ ಮಾಡಿದ್ದರೆ ಮೋಟರಿಗೆ 200 ವೋಲ್ಟ್ ಮುಟ್ಟುತ್ತಿತ್ತು, ಸಾಲದು. 4 ಚದರ ಮಿ.ಮೀ. ಕೇಬಲ್ ಒಂದೇ ತುಂಡಾಗಿ ಎಳೆಸಿದೆ. ರೆಸಿಸ್ಟೆನ್ಸ್ 1.3 ಓಮ್‌ಗೆ ಇಳೀತು, ಮೋಟರ್ ಹತ್ತಿರ ಈಗ 216 ವೋಲ್ಟ್. ಕರೆಂಟ್ ಕೂಡ 7ರಿಂದ 6.3ಕ್ಕೆ ಬಂತು. ವೋಲ್ಟೇಜ್ ಕಡಿಮೆಯಾದರೆ ಮೋಟರ್ ಅದೇ ಭಾರ ಎಳೆಯಲು ಜಾಸ್ತಿ ಆಂಪಿಯರ್ ಎಳೆಯುತ್ತೆ. ವೈಂಡಿಂಗ್ ಸುಡೋದು ಅದಕ್ಕೇ.

ಒಂದು ಮಾತು. ಈ ಭಾಗಾಕಾರ ಕೇಬಲ್‌ಗೆ ಸರಿ, ಮೋಟರ್ ವೈಂಡಿಂಗ್‌ಗೆ ಹೊಂದಲ್ಲ. ಮೋಟರಿನ ಪವರ್ ಬೇಕಾದರೆ ವೋಲ್ಟ್, ಆಂಪಿಯರ್ ಜೊತೆ ಪವರ್ ಫ್ಯಾಕ್ಟರನ್ನೂ ಗುಣಿಸಬೇಕು. ತ್ರೀ ಫೇಸ್ ಆದರೆ ಇನ್ನೊಂದು 1.732. ಉದಾಹರಣೆಗೆ 400 ವೋಲ್ಟ್, 8 ಆಂಪಿಯರ್, ಪವರ್ ಫ್ಯಾಕ್ಟರ್ 0.8 ಇದ್ದರೆ ಸುಮಾರು 4.4 ಕಿಲೋವ್ಯಾಟ್.

ಕ್ಲ್ಯಾಂಪ್ ಮೀಟರನ್ನ ಒಂದೇ ತಂತಿಗೆ ಹಾಕಿ. ಎರಡನ್ನೂ ಸೇರಿಸಿ ಹಿಡಿದರೆ ಸೊನ್ನೆ ತೋರಿಸುತ್ತೆ. ಮೋಟರ್ ಹತ್ತಿರ ವೋಲ್ಟ್ ನೋಡೋ ಕೆಲಸ ಮಾತ್ರ, ಒದ್ದೆ ನೆಲದಲ್ಲಿ ನಿಂತು ನೀವೇ ಮಾಡಬೇಡಿ, ಕೆಲಸ ಗೊತ್ತಿರೋರನ್ನ ಕರೀರಿ.