ಫ್ಯಾಟ್ ಅಳೆಯುವ ವಿದ್ಯೆಗೆ ದುಡ್ಡು ಹಾಕಿದವರು ಯಾರು?

ಸಹೋದರಿಯರೇ, ಸಂಘದಲ್ಲಿ ಹಾಲು ಹಾಕಿದ ಕೂಡಲೇ ಚೀಟಿಯಲ್ಲಿ ನೀವು ಮೊದಲು ನೋಡುವುದು ಫ್ಯಾಟ್ ಎಷ್ಟು ಬಂತು ಎಂದು. ಎರಡು ಪಾಯಿಂಟ್ ಇಳಿದರೂ ಕಾರ್ಯದರ್ಶಿಯನ್ನು ಕೇಳದೆ ಬಿಡುವುದಿಲ್ಲ; ಬಿಡಲೂಬಾರದು. ನಿಮ್ಮ ಬಟವಾಡೆ ನಿಂತಿರುವುದೇ ಆ ಅಂಕಿಯ ಮೇಲೆ. ಆದರೆ ಫ್ಯಾಟ್ ನೋಡಿ ಹಣ ಕೊಡುವ ಪದ್ಧತಿ ಮೊದಲಿನಿಂದ ಇದ್ದದ್ದಲ್ಲ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಹಿಂದೆ ಬೆಣ್ಣೆ, ಚೀಸ್ ಮಾಡುವವರು ಹಾಲನ್ನು ತೂಗಿ ಹಣ ಕೊಡುತ್ತಿದ್ದರು. ನೀರು ಬೆರೆಸಿದವರಿಗೂ, ಕೆನೆ ತೆಗೆದು ತಂದವರಿಗೂ, ಗಟ್ಟಿ ಹಾಲು ತಂದವರಿಗೂ ಒಂದೇ ದರ. ನಿಯತ್ತಿನವರಿಗೇ ನಷ್ಟ. 1887ರಲ್ಲಿ ಅಲ್ಲಿನ ಕೇಂದ್ರ ಸರ್ಕಾರ ಹ್ಯಾಚ್ ಕಾಯ್ದೆ ತಂದು, ಕೃಷಿ ಕಾಲೇಜುಗಳ ಪ್ರಯೋಗ ಕೇಂದ್ರಗಳಿಗಾಗಿ ಪ್ರತಿ ರಾಜ್ಯಕ್ಕೆ ವರ್ಷಕ್ಕೆ 15,000 ಡಾಲರ್ ಗೊತ್ತುಮಾಡಿತು. ಮರುವರ್ಷ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಬಂದ ಸ್ಟೀಫನ್ ಬ್ಯಾಬ್‌ಕಾಕ್ ಎಂಬ ರಸಾಯನ ವಿಜ್ಞಾನಿ 1890ರಲ್ಲಿ ಸುಲಭದ ಪರೀಕ್ಷೆಯೊಂದನ್ನು ಪ್ರಕಟಿಸಿದರು. ಹಾಲಿಗೆ ಗಂಧಕಾಮ್ಲ ಹಾಕಿದರೆ ಜಿಡ್ಡನ್ನು ಬಿಟ್ಟು ಉಳಿದದ್ದೆಲ್ಲ ಕರಗುತ್ತದೆ. ಬಾಟಲಿಯನ್ನು ಯಂತ್ರದಲ್ಲಿ ಗರಗರ ತಿರುಗಿಸಿ ಬಿಸಿನೀರು ಹಾಕಿದರೆ ಜಿಡ್ಡು ಮೇಲೇರಿ ಬಾಟಲಿಯ ಕತ್ತಿನಲ್ಲಿ ನಿಲ್ಲುತ್ತದೆ. ಅಲ್ಲಿರುವ ಗೆರೆ ಓದಿದರಾಯಿತು. ನಮ್ಮಲ್ಲಿ ಬಳಕೆಗೆ ಬಂದ ಗರ್ಬರ್ ವಿಧಾನ ಸ್ವಿಟ್ಜರ್ಲೆಂಡಿನದು, ಆದರೆ ತತ್ವ ಇಂಥದ್ದೇ.

ಬ್ಯಾಬ್‌ಕಾಕ್ ಇದಕ್ಕೆ ಪೇಟೆಂಟ್ ಮಾಡಿಸಲಿಲ್ಲ. ಯಾರು ಬೇಕಾದರೂ ಕಾಸು ಕೊಡದೆ ಬಳಸಬಹುದಿತ್ತು. ಒಂದು ಕಂಪನಿಯ ಕೈಯಲ್ಲಿ ಇದು ಹುಟ್ಟಿದ್ದರೆ ಪ್ರತಿ ಪರೀಕ್ಷೆಗೂ ರೈತರೇ ದುಡ್ಡು ಕಟ್ಟಬೇಕಾಗುತ್ತಿತ್ತೋ ಏನೋ.

ಇದು ಉಪಯೋಗ ಕಣ್ಣಿಗೆ ಕಾಣುವ ಕೆಲಸ. ಕಾಣದ ಕೆಲಸಕ್ಕೂ ಅಲ್ಲಿ ಹಣ ಸಿಕ್ಕಿತು. 1907ರಲ್ಲಿ ಅದೇ ವಿಶ್ವವಿದ್ಯಾಲಯದವರು 16 ಕಡಸುಗಳನ್ನು ನಾಲ್ಕು ಗುಂಪು ಮಾಡಿದರು. ಒಂದಕ್ಕೆ ಜೋಳದ ಗಿಡದ್ದೇ ಮೇವು-ಕಾಳು (ನಮ್ಮ ಬಿಳಿಜೋಳವಲ್ಲ, ಮುಸುಕಿನ ಜೋಳ), ಇನ್ನೊಂದಕ್ಕೆ ಬರೀ ಗೋಧಿಯದು, ಮತ್ತೊಂದಕ್ಕೆ ಓಟ್ಸ್, ನಾಲ್ಕನೆಯದಕ್ಕೆ ಮೂರರ ಮಿಶ್ರಣ. ಆಗಿನ ಲೆಕ್ಕದಲ್ಲಿ ಪೌಷ್ಟಿಕಾಂಶ ಎಲ್ಲದರಲ್ಲೂ ಸಮ. ಆದರೂ ಜೋಳ ತಿಂದವು ಮಿರಮಿರ ಮಿಂಚಿದವು, ಗಟ್ಟಿಮುಟ್ಟಾದ ಕರು ಹಾಕಿದವು. ಗೋಧಿ ತಿಂದವು ಸೊರಗಿದವು. ಅವುಗಳ ಕರುಗಳು ಸತ್ತೇ ಹುಟ್ಟಿದವು, ಇಲ್ಲವೇ ಬೇಗ ಸತ್ತವು. ಮೇವಿನಲ್ಲಿ ಲೆಕ್ಕಕ್ಕೆ ಸಿಗದ ಏನೋ ಇದೆ ಎಂಬ ಅನುಮಾನ ಬಲವಾಯಿತು. ಅಲ್ಲೇ ಎಲ್ಮರ್ ಮೆಕಾಲಂ ಮತ್ತು ಮಾರ್ಗರೀಟ್ ಡೇವಿಸ್ ಇಲಿಗಳ ಮೇಲೆ ಪ್ರಯೋಗ ಮಾಡಿ, ಬೆಳವಣಿಗೆಗೆ ಬೇಕಾದ ವಸ್ತುವೊಂದು ಬೆಣ್ಣೆಯ ಜಿಡ್ಡಿನಲ್ಲಿದೆ ಎಂದು 1913ರಲ್ಲಿ ತಿಳಿಸಿದರು. ಈಗ ನಾವು ಎ ವಿಟಮಿನ್ ಎನ್ನುವುದು ಅದನ್ನೇ. ಡೇವಿಸ್ ಮೊದಲ ಕೆಲವು ವರ್ಷ ಸಂಬಳವಿಲ್ಲದೆ ದುಡಿದವರು. ಹೆಣ್ಣುಮಕ್ಕಳ ದುಡಿಮೆಗೆ ಕೂಲಿ ಹಾಕದ ರೂಢಿ ಎಲ್ಲ ಕಡೆಯದೂ ಎಂದು ಕಾಣುತ್ತದೆ.

ಬೇಸಿಗೆಯಲ್ಲಿ ಗಬ್ಬದ ಹಸುವಿಗೆ ಬರೀ ಒಣಹುಲ್ಲು ಹಾಕಬೇಡಿ, ದಿನಕ್ಕೊಂದಿಷ್ಟು ಹಸಿರು ಮೇವು ಕೊಡಿ ಎಂದು ನಾನು ಹೇಳುವ ಮಾತಿನ ಬೇರು ಇಲ್ಲಿದೆ. ಹಸಿರಿನಿಂದಲೇ ಹಸು ಎ ವಿಟಮಿನ್ ಮಾಡಿಕೊಳ್ಳುತ್ತದೆ.

ನಮ್ಮಲ್ಲಿ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯ ನಡೆಯುವುದೂ ಸರ್ಕಾರದ ಹಣದಲ್ಲಿ, ಅಂದರೆ ನಿಮ್ಮ ತೆರಿಗೆಯಲ್ಲಿ. ಅಂಥ ಕಡೆಯಿಂದ ವಿದ್ಯಾರ್ಥಿಗಳು ಹಾಲಿನ, ರಕ್ತದ ಅಥವಾ ಸಗಣಿಯ ಮಾದರಿ ಕೇಳಿಕೊಂಡು ಬಂದರೆ ಯಾವುದಕ್ಕೆ ಎಂದು ವಿಚಾರಿಸಿ, ಕೊಡಿ. ಫಲಿತಾಂಶವನ್ನು ಸಂಘಕ್ಕೂ ಕಳಿಸಲು ಹೇಳಿ, ಅವರ ಹೆಸರು, ಫೋನ್ ನಂಬರ್ ಬರೆದಿಟ್ಟುಕೊಳ್ಳಿ.