ಬಂದರಿನಲ್ಲಿ ನೆಲೆ ಕಂಡ ಅಯ್ಯಾವೊಳೆಯ ಐನೂರ್ವರು

ಹುನಗುಂದ ಸೀಮೆಯಿಂದ ಕಡಲು ಬಲು ದೂರ. ಆದರೂ ಭಾರತದ ಸಾಗರ ವಾಣಿಜ್ಯದ ಇತಿಹಾಸವನ್ನು ನಮ್ಮ ಐಹೊಳೆಯ ಹೆಸರಿಲ್ಲದೆ ಬರೆಯಲು ಸಾಧ್ಯವಿಲ್ಲ. ಇಮ್ಮಡಿ ಪುಲಿಕೇಶಿಯು ನೂರಾರು ನೌಕೆಗಳೊಡನೆ ಪಶ್ಚಿಮ ಸಮುದ್ರದ ಪುರಿಯನ್ನು ಮುತ್ತಿದ ಸಂಗತಿಯನ್ನು ಕ್ರಿ.ಶ. 634ರ ಮೇಗುತಿ ಶಾಸನದಲ್ಲಿ ರವಿಕೀರ್ತಿ ವರ್ಣಿಸಿದ್ದಾನೆ. ಅದು ಅರಸನ ನೌಕಾಯಾತ್ರೆ. ಐಹೊಳೆಯ ಹೆಸರು ಹೊತ್ತ ವರ್ತಕರ ಯಾತ್ರೆ ಅದಕ್ಕಿಂತಲೂ ಬಹುದೂರ ಸಾಗಿತು.

ಐಹೊಳೆಯ ಪ್ರಾಚೀನ ಹೆಸರು ಅಯ್ಯಾವೊಳೆ. ಇಲ್ಲಿಂದ ಹೆಸರು ಪಡೆದ 'ಐನೂರ್ವರು' ಎಂಬ ವರ್ತಕ ಸಂಘವು ಕ್ರಮೇಣ ದಕ್ಷಿಣ ಭಾರತದಾದ್ಯಂತ ಹಬ್ಬಿತು. ಕನ್ನಡಿಗರಲ್ಲದ ವರ್ತಕರೂ ಅದೇ ಹೆಸರಿನಡಿ ಒಂದಾದರು. ಸುಮಾತ್ರಾ ದ್ವೀಪದ ಪಶ್ಚಿಮ ಕರಾವಳಿಯ ಬಾರುಸ್ ಬಂದರಿನ ಸಮೀಪ, ಲೋಬು ತುವಾ ಎಂಬಲ್ಲಿ, 1873ರಲ್ಲಿ ದೊರೆತ ತಮಿಳು ಶಾಸನವು ಶಕವರ್ಷ 1010ರದು, ಅಂದರೆ ಕ್ರಿ.ಶ. 1088ರದು. ಅದನ್ನು ಹಾಕಿಸಿದವರು ಐನೂರ್ವರು. ಇತಿಹಾಸಕಾರ ನೀಲಕಂಠ ಶಾಸ್ತ್ರಿಗಳು 1932ರಲ್ಲಿ ಇದರ ಮಹತ್ವವನ್ನು ವಿವರಿಸಿದರು.

ಬಾರುಸ್ ಕರ್ಪೂರಕ್ಕೆ ಹೆಸರಾದ ಬಂದರು. ಅಲ್ಲಿಗೆ ಹೋಗುವುದೂ ಬರುವುದೂ ಗಾಳಿಯ ಅಧೀನ. ನಮ್ಮ ರೈತರು ಮುಂಗಾರು ಹಿಂಗಾರುಗಳನ್ನು ಕಾಯುವಂತೆಯೇ ನಾವಿಕರೂ ಕಾಯುತ್ತಿದ್ದರು. ನೈಋತ್ಯ ಮಾರುತವು ಹಡಗನ್ನು ಪೂರ್ವಕ್ಕೆ ಒಯ್ದರೆ, ಈಶಾನ್ಯ ಮಾರುತವು ಮರಳಿ ತರುತ್ತಿತ್ತು. ನಡುವಿನ ತಿಂಗಳುಗಳನ್ನು ಪರದೇಶದ ಬಂದರಿನಲ್ಲಿಯೇ ಕಳೆಯಬೇಕು. ಸರಕನ್ನು ಎಲ್ಲಿ ಇಳಿಸುವುದು, ಕಳ್ಳರಿಂದ ಹೇಗೆ ಕಾಯುವುದು, ಗುರುತಿಲ್ಲದ ಊರಿನಲ್ಲಿ ತನ್ನ ಮಾತಿಗೆ ಹೊಣೆ ಯಾರು? ಒಂಟಿ ವರ್ತಕನಿಗೆ ಕಡಲಿನಷ್ಟೇ ಕಷ್ಟಕರವಾದುದು ಈ ವಾಸ್ತವ್ಯ.

ಇದಕ್ಕೆ ಐನೂರ್ವರು ಕಂಡುಕೊಂಡ ಪರಿಹಾರವನ್ನು ಶಾಸನ ತಿಳಿಸುತ್ತದೆ. ಸಂಘದವರು ಬಂದರಿನಲ್ಲಿ ಸಭೆ ಸೇರಿ ನಿಯಮ ಮಾಡಿದರು. ಅದರಂತೆ ಹಡಗಿನ ನಾಯಕನೂ ನಾವಿಕರೂ ಕಸ್ತೂರಿಯ ಬೆಲೆಗೆ ಅನುಗುಣವಾಗಿ ಚಿನ್ನದ ರೂಪದಲ್ಲಿ ಶುಲ್ಕ ತೆತ್ತ ನಂತರವೇ ನೆಲೆಯನ್ನು ಪ್ರವೇಶಿಸಬೇಕು. ಇದು ಅರಸನು ಹೇರಿದ ಸುಂಕವಲ್ಲ. ವರ್ತಕರೇ ಸಭೆಯಲ್ಲಿ ಕೂಡಿ ನಿಗದಿಪಡಿಸಿದ ಶುಲ್ಕ. ಎಲ್ಲರಿಗೂ ತಿಳಿಯಲೆಂದು ನಿಯಮವನ್ನು ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸಿದರು. ಧರ್ಮವನ್ನು ಮರೆಯಬಾರದೆಂಬ ನೆನಪಿನ ಮಾತನ್ನೂ ಕೊನೆಯಲ್ಲಿ ಸೇರಿಸಿದರು.

ಬರ್ಮಾದ ಪಗಾನಿನಲ್ಲಿಯೂ ಇಂತಹ ನೆಲೆಯ ಕುರುಹಿದೆ. ಹದಿಮೂರನೆಯ ಶತಮಾನದ ಶಾಸನವೊಂದರಂತೆ, ಅಲ್ಲಿನ 'ನಾನಾದೇಶಿ' ವರ್ತಕರ ಹೆಸರಿನ ವಿಷ್ಣು ದೇವಾಲಯಕ್ಕೆ ಮಲಬಾರಿನಿಂದ ಬಂದವನೊಬ್ಬನು ಮಂಟಪ ಕಟ್ಟಿಸಿದನು. ನಾನಾದೇಶಿ ಎಂಬುದು ಐನೂರ್ವರ ಬಳಗಕ್ಕಿದ್ದ ಇನ್ನೊಂದು ಹೆಸರು.

ಇಂದು ಇಳಕಲ್ಲಿನ ಕೆಂಪು ಗ್ರಾನೈಟ್ ಹಡಗೇರಿ ವಿದೇಶಗಳಿಗೆ ಹೋಗುತ್ತದೆ. ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಹಡಗುಗಳು ಗಾಳಿಗಾಗಿ ಕಾಯಬೇಕಾಗಿಲ್ಲ. ಆದರೆ ಒಂದು ಕಂಟೇನರ್ ತುಂಬುವಷ್ಟು ಸರಕಿಲ್ಲದ ಸಣ್ಣ ಉತ್ಪಾದಕನು ಬಂದರಿನ ಬಾಡಿಗೆ, ಕಾಗದಪತ್ರ, ಗುಣಮಟ್ಟದ ತಕರಾರುಗಳ ಮುಂದೆ ಇಂದಿಗೂ ಒಬ್ಬಂಟಿ. ಹಲವರು ಕೂಡಿ ಒಂದೇ ಕಂಟೇನರಿನಲ್ಲಿ ಸರಕು ಕಳುಹಿಸುವುದು, ಬಂದರಿನಲ್ಲಿ ಎಲ್ಲರ ಪರವಾಗಿ ಒಬ್ಬ ಪ್ರತಿನಿಧಿಯನ್ನು ನೇಮಿಸುವುದು, ಅದರ ವೆಚ್ಚವನ್ನು ಪಾಲಿನಂತೆ ಹಂಚಿಕೊಳ್ಳುವುದು ಅಸಾಧ್ಯವೇನಲ್ಲ. ವಂತಿಗೆ ಎಷ್ಟು, ಅದರಿಂದ ದೊರೆಯುವ ಅನುಕೂಲವೇನು ಎಂಬುದು ಬರಹದಲ್ಲಿ ಸ್ಪಷ್ಟವಾಗಿದ್ದರೆ ಸದಸ್ಯರು ಹಿಂಜರಿಯಲಾರರು. ನಮ್ಮ ವರ್ತಕ ಬಂಧುಗಳು ಈ ವಿಷಯವನ್ನು ಮುಂದಿನ ಸಭೆಯಲ್ಲಿ ಚರ್ಚೆಗೆ ತರುವುದು ಉಚಿತ.